ಹಳೆಯ ಪುಸ್ತಕಗಳ ಬೆಲೆ



ಪುಸ್ತಕದ ಬೆಲೆಯನ್ನು ಅಳೆಯುವುದಕ್ಕೆ ನಮ್ಮ ಸೀಮೆಯಲ್ಲಿ ಈಗ ಎರಡು ಮಾನಗಳುಂಟು. ಒಂದು, ಹಿಂಬದಿಯ ರಟ್ಟಿನ ಮೇಲೆ ಅಚ್ಚಾಗಿರುವ ರೂಪಾಯಿಯ ಲೆಕ್ಕ. ಇನ್ನೊಂದು, ಗುಜರಿ ಅಂಗಡಿಯ ತಕ್ಕಡಿ. ಮೊದಲನೆಯದರಿಂದ ಎರಡನೆಯದಕ್ಕೆ ಇಳಿಯಬೇಕಾದರೆ ಹಿಂದೆ ಪುಸ್ತಕಕ್ಕೆ ಒಂದು ತಲೆಮಾರು ಹಿಡಿಯುತ್ತಿತ್ತು; ಈಗ ಅನೇಕ ಪುಸ್ತಕಗಳಿಗೆ ಒಂದು ವರ್ಷವೂ ಹಿಡಿಯುವುದಿಲ್ಲ. ನಂಜನಗೂಡು, ತಿರುಮಕೂಡಲು ನರಸೀಪುರ ಎಂಬ ಎರಡು ಊರುಗಳನ್ನು ಕಣ್ಣಮುಂದೆ ಇಟ್ಟುಕೊಂಡು ಈ ವಿಷಯವಾಗಿ ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇವೆ. ನಾವು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವವರು. ಪುಸ್ತಕವ್ಯಾಪಾರದ ಮರ್ಮವನ್ನು ಬಲ್ಲವರಲ್ಲ. ಆದರೆ ಪುಸ್ತಕ ಇಟ್ಟುಕೊಂಡವರ ಮನೆಗಳನ್ನೂ ಅವುಗಳನ್ನು ಹೊರಹಾಕಿದವರ ಮನೆಗಳನ್ನೂ ಸಾಕಷ್ಟು ಕಂಡವರು.

ಈ ಎರಡು ಊರುಗಳು ಅಕ್ಷರಕ್ಕೆ ಹೊಸವಲ್ಲ. ನಂಜನಗೂಡಿನ ಹೆಸರು ಹೇಳಿದರೆ ಜನಕ್ಕೆ ಶ್ರೀಕಂಠೇಶ್ವರನ ದೊಡ್ಡ ತೇರು, ರಸಬಾಳೆ, ಹಲ್ಲುಪುಡಿ ನೆನಪಾಗುತ್ತವೆ. ನರಸೀಪುರವೆಂದರೆ ಕಾವೇರಿ ಕಪಿಲೆಗಳ ಸಂಗಮ, ಗುಂಜಾನರಸಿಂಹಸ್ವಾಮಿ, ಮೂರು ವರ್ಷಕ್ಕೊಮ್ಮೆ ಕೂಡುವ ಕುಂಭಮೇಳ. ವಿದ್ಯೆಯ ಕೀರ್ತಿ ಇವುಗಳ ಮರೆಗೆ ಸರಿದಿದೆ. ನರಸೀಪುರದ ನೆರೆಯ ಸೋಸಲೆ ವ್ಯಾಸರಾಜಮಠದ ಊರು. ಅರಮನೆಯ ವಿದ್ವಾಂಸರಾಗಿದ್ದು ೧೯೩೪ರಲ್ಲಿ ತೀರಿಕೊಂಡ ಅಯ್ಯಾಶಾಸ್ತ್ರಿಗಳು ಆ ಊರಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಹೊತ್ತವರು. ನಂಜನಗೂಡಿನ ಹೆಸರನ್ನು ಹಾಗೆಯೇ ಹೊತ್ತ ಒಬ್ಬ ಲೇಖಕಿಯ ವಿಷಯವನ್ನು ಮುಂದೆ ಹೇಳುತ್ತೇವೆ.

ಮೊದಲು ಓದುವ ರೂಢಿಯ ಮಾತು. ನಮ್ಮ ಹಿರಿಯರ ಕಾಲದಲ್ಲಿ ಓದು ಎಂಬುದು ಕಣ್ಣಿನ ಕೆಲಸಕ್ಕಿಂತ ಹೆಚ್ಚಾಗಿ ಕಿವಿಯ ಕೆಲಸವಾಗಿತ್ತು. ಸಂಜೆ ಜಗಲಿಯ ಮೇಲೆ ಒಬ್ಬರು ಭಾರತವನ್ನೋ ಜೈಮಿನಿಯನ್ನೋ ರಾಗವಾಗಿ ಓದುವರು. ಇನ್ನೊಬ್ಬರು ಅರ್ಥ ಹೇಳುವರು. ಕೇಳುವವರು ಇಪ್ಪತ್ತು ಮಂದಿ ಇರುವರು. ಆ ಇಪ್ಪತ್ತು ಮಂದಿಗೂ ಸೇರಿ ಇದ್ದದ್ದು ಒಂದೇ ಪುಸ್ತಕ. ಅದರ ಅಂಚುಗಳು ಎಣ್ಣೆದೀಪದ ಜಿಡ್ಡಿನಿಂದ ಕಂದಿರುತ್ತಿದ್ದವು. ಕಟ್ಟು ಸಡಿಲವಾದರೆ ಮನೆಯಲ್ಲಿಯೇ ಸೆಣಬಿನ ದಾರದಿಂದ ಹೊಲಿಯುತ್ತಿದ್ದರು. ಆ ಪುಸ್ತಕ ಹಳೆಯದಾದಷ್ಟೂ ಅದರ ಗೌರವ ಹೆಚ್ಚುತ್ತಿತ್ತೇ ಹೊರತು ಕಡಿಮೆಯಾಗುತ್ತಿರಲಿಲ್ಲ. ಓಲೆಗರಿಯ ಕಾಲದ ಲಿಪಿಕಾರರಂತೂ ಪ್ರತಿಯ ಕೊನೆಯಲ್ಲಿ ಪುಸ್ತಕದ ಬಾಯಿಂದಲೇ ಬೇಡಿಕೆ ಸಲ್ಲಿಸುತ್ತಿದ್ದರು: ಎಣ್ಣೆಯಿಂದ ಕಾಪಾಡಿ, ನೀರಿನಿಂದ ಕಾಪಾಡಿ, ಸಡಿಲವಾದ ಕಟ್ಟಿನಿಂದ ಕಾಪಾಡಿ, ಮೂರ್ಖನ ಕೈಗೆ ಕೊಡಬೇಡಿ ಎಂದು. ತಕ್ಕಡಿಯಿಂದ ಕಾಪಾಡಿ ಎಂದು ಬರೆಯಬೇಕಾದ ಕಾಲ ಬಂದೀತೆಂದು ಅವರು ಎಣಿಸಿರಲಾರರು.

ಅಚ್ಚಿನ ಪುಸ್ತಕಕ್ಕೆ ಎರಡನೆಯ ಬೆಲೆ ಹುಟ್ಟಿದ್ದು ಶಾಲೆಗಳಿಂದ. ಜೂನ್ ತಿಂಗಳಿನಲ್ಲಿ ಮೇಲಿನ ತರಗತಿಗೆ ಹೋದ ಹುಡುಗನ ಪುಸ್ತಕಗಳನ್ನು ಕೆಳಗಿನ ತರಗತಿಯಿಂದ ಬಂದ ಹುಡುಗನು ಅರ್ಧ ಬೆಲೆಗೆ ಕೊಳ್ಳುವುದು ನಮ್ಮ ಊರುಗಳ ಬರೆಯದ ಕಾನೂನಾಗಿತ್ತು. ಎರಡನೆಯವನು ಕಾಲು ಬೆಲೆಗೆ ಮೂರನೆಯವನಿಗೆ ಮಾರುವನು. ಇದರಲ್ಲಿ ದಲ್ಲಾಳಿ ಇಲ್ಲ, ಅಂಗಡಿ ಇಲ್ಲ. ಇಂಟರ್‌ಮೀಡಿಯೆಟ್ ತರಗತಿಯಲ್ಲಿ ಓದಿಸುತ್ತಿದ್ದ ಪಾಲ್‌ಗ್ರೇವನ ಗೋಲ್ಡನ್ ಟ್ರೆಷರಿಯ ಹಳೆಯ ಪ್ರತಿಯೊಂದು ನಮ್ಮಲ್ಲಿದೆ. ಅದರ ಮೊದಲ ಹಾಳೆಯಲ್ಲಿ ಐದು ಹೆಸರುಗಳಿವೆ. ಒಂದೊಂದೂ ಬೇರೆ ಬೇರೆ ಮಸಿಯಲ್ಲಿ, ಮೊದಲ ನಾಲ್ಕು ಹೆಸರುಗಳ ಮೇಲೆ ಒಂದೊಂದು ಗೆರೆ. ಷೆಲ್ಲಿಯ ಕವಿತೆಯ ಪಕ್ಕದಲ್ಲಿ ಒಬ್ಬನು ಕನ್ನಡದಲ್ಲಿ ಅರ್ಥ ಬರೆದಿದ್ದಾನೆ; ಅದು ತಪ್ಪೆಂದು ಇನ್ನೊಬ್ಬನು ಅದರ ಕೆಳಗೆ ಬರೆದಿದ್ದಾನೆ; ಮೂರನೆಯವನು ಇಬ್ಬರನ್ನೂ ಹಾಸ್ಯಮಾಡಿದ್ದಾನೆ. ಹೊಸ ಪ್ರತಿಯಲ್ಲಿ ಇಂಥ ಸಹವಾಸ ದೊರೆಯದು.

ಈ ಅರ್ಧ ಬೆಲೆಯ ವ್ಯವಸ್ಥೆ ಎರಡು ಕಾರಣಗಳಿಂದ ಮುರಿಯಿತು. ಸರ್ಕಾರಿ ಶಾಲೆಗಳ ಮಕ್ಕಳಿಗೆ ಪಠ್ಯಪುಸ್ತಕವನ್ನು ಉಚಿತವಾಗಿ ಕೊಡಲು ತೊಡಗಿದ್ದು ಒಂದು. ಇದು ಒಳ್ಳೆಯ ಕಾರಣ. ಇದಕ್ಕಾಗಿ ದುಃಖಪಡುವವರು ಬಡವರ ಮಕ್ಕಳ ಕಷ್ಟವನ್ನು ಅರಿಯದವರು. ಎರಡನೆಯದು, ಪಠ್ಯಗಳು ಪದೇ ಪದೇ ಬದಲಾಗುವುದು. ಕರ್ನಾಟಕದಲ್ಲಿ ೨೦೧೭ರಲ್ಲಿ ಪರಿಷ್ಕೃತ ಪಠ್ಯಪುಸ್ತಕಗಳು ಬಂದವು. ೨೦೨೨ರಲ್ಲಿ ಕೆಲವು ಪುಸ್ತಕಗಳನ್ನು ಮತ್ತೆ ಪರಿಷ್ಕರಿಸಿದರು. ೨೦೨೩ರಲ್ಲಿ ಆ ಪರಿಷ್ಕರಣಕ್ಕೆ ಮತ್ತೊಂದು ತಿದ್ದುಪಡಿ ಬಂತು. ಪರಿಷ್ಕರಣದ ಗುಣದೋಷಗಳು ಇಲ್ಲಿ ನಮ್ಮ ವಿಷಯವಲ್ಲ. ಆದರೆ ಒಂದು ಪಾಠ ಬದಲಾದರೆ ಸಾಕು, ಅಣ್ಣನ ಪುಸ್ತಕ ತಮ್ಮನಿಗೆ ಆಗುವುದಿಲ್ಲ. ಸರ್ಕಾರಿ ಹುದ್ದೆಗಳ ಪರೀಕ್ಷೆಗೆ ಓದುವವರ ಪುಸ್ತಕಗಳ ಗತಿ ಇನ್ನೂ ಶೀಘ್ರವಾದದ್ದು. ನಮ್ಮ ತಾಲ್ಲೂಕುಗಳ ಗ್ರಂಥಾಲಯಗಳಿಗೆ ಹೋದರೆ ಮೇಜಿನ ಸುತ್ತ ತಲೆಬಾಗಿ ಕುಳಿತಿರುವ ತರುಣ ತರುಣಿಯರಲ್ಲಿ ಬಹುಮಂದಿ ಇಂಥ ಪರೀಕ್ಷೆಗಳಿಗೆ ಸಿದ್ಧರಾಗುತ್ತಿರುವವರೇ. ಅವರು ಓದುವಷ್ಟು ಶ್ರದ್ಧೆಯಿಂದ ನಾವು ಯಾವ ಕಾವ್ಯವನ್ನೂ ಓದಿಲ್ಲ. ಆದರೆ ಪ್ರಚಲಿತ ವಿದ್ಯಮಾನಗಳ ಪುಸ್ತಕ ಮುಂದಿನ ವರ್ಷಕ್ಕೆ ನಿರುಪಯೋಗಿ. ನೂರಾರು ರೂಪಾಯಿ ಕೊಟ್ಟು ಕೊಂಡದ್ದನ್ನು ಯಾರೂ ಕಾಲು ಬೆಲೆಗೂ ಕೇಳರು.

ಆದುದರಿಂದ ಜನ ಓದುವುದನ್ನೇ ಬಿಟ್ಟರೆಂಬ ದೂರನ್ನು ನಾವು ಒಪ್ಪುವುದಿಲ್ಲ. ಬಸ್ಸಿನಲ್ಲಿ ನಂಜನಗೂಡಿನಿಂದ ಮೈಸೂರಿಗೆ ಬರುವ ಒಂದು ಗಂಟೆಯೊಳಗೆ ಒಬ್ಬ ವಿದ್ಯಾರ್ಥಿ ತನ್ನ ಮೊಬೈಲಿನಲ್ಲಿ ಓದುವ ಅಕ್ಷರಗಳನ್ನು ಅಚ್ಚುಹಾಕಿದರೆ ಸಣ್ಣ ಪುಸ್ತಕವೇ ಆದೀತು. ಓದು ಉಳಿದಿದೆ, ಓದಿದ್ದನ್ನು ಕೈಯಲ್ಲಿ ಹಿಡಿದು ಇನ್ನೊಬ್ಬನಿಗೆ ದಾಟಿಸುವ ಕ್ರಮ ಹೋಗಿದೆ. ಹಳೆಯ ಪುಸ್ತಕದ ಬೆಲೆ ನಿಂತಿದ್ದುದು ಆ ದಾಟಿಸುವಿಕೆಯ ಮೇಲೆ.

ಕಾದಂಬರಿಗಳ ಸಂಗತಿಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಅ.ನ.ಕೃ., ತ್ರಿವೇಣಿ ಮೊದಲಾದವರ ಕಾದಂಬರಿಗಳಿಗೆ ಬೇಡಿಕೆ ಏರಿದ್ದ ಕಾಲದಲ್ಲಿ ಸಣ್ಣ ಊರುಗಳಲ್ಲಿಯೂ ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಗಳಿದ್ದವು. ಸರ್ಕ್ಯುಲೇಟಿಂಗ್ ಲೈಬ್ರರಿ ಎಂದು ಹಲಗೆ. ದಿನಕ್ಕೆ ಇಷ್ಟು ಪೈಸೆ ಬಾಡಿಗೆ. ಹೊಸ ಪುಸ್ತಕ ಬಂದೊಡನೆ ಅದರ ತೆಳುವಾದ ಹೊದಿಕೆಯನ್ನು ತೆಗೆದು, ಗಟ್ಟಿ ರಟ್ಟು ಹಾಕಿ, ಬೆನ್ನಿಗೆ ಬಟ್ಟೆ ಅಂಟಿಸಿ, ನಂಬರು ಬರೆಯುತ್ತಿದ್ದರು. ಒಂದು ಪ್ರತಿ ನೂರು ಮನೆಗಳನ್ನು ಸುತ್ತಿ ಬರುತ್ತಿತ್ತು. ಒಗ್ಗರಣೆಯ ಕಲೆ, ಮಗುವಿನ ಗೀಚು, ಕೊನೆಯ ಹಾಳೆಯಲ್ಲಿ ಓದುಗರ ಅಭಿಪ್ರಾಯ ಎಲ್ಲವೂ ಅದರಲ್ಲಿ ಸೇರುತ್ತಿದ್ದವು. ಕಥೆಯ ಗುಟ್ಟನ್ನು ಮೊದಲನೆಯ ಪುಟದಲ್ಲಿಯೇ ಬರೆದಿಡುವ ದುಷ್ಟರೂ ಇದ್ದರು. ದೂರದರ್ಶನದ ಧಾರಾವಾಹಿಗಳು ಮನೆಯೊಳಕ್ಕೆ ಬಂದ ಮೇಲೆ ಆ ಅಂಗಡಿಗಳ ಗಿರಾಕಿಗಳು ಒಬ್ಬೊಬ್ಬರಾಗಿ ಕರಗಿದರು. ಆ ಗಿರಾಕಿಗಳಲ್ಲಿ ಬಹುಪಾಲು ಗೃಹಿಣಿಯರು. ಮಧ್ಯಾಹ್ನದ ಎರಡು ಗಂಟೆಗಳ ಬಿಡುವು ಅವರ ಪಾಲಿನ ಓದಿನ ಕಾಲವಾಗಿತ್ತು. ಆ ಬಿಡುವನ್ನು ಬೇರೆಯವರು ಕೊಂಡುಕೊಂಡರು.

ಬೆಲೆ ಇಳಿಯುವುದಕ್ಕೆ ಪುಸ್ತಕಪ್ರೇಮಿಗಳೇ ಕಾರಣರಾದ ಸಂದರ್ಭವೂ ಉಂಟು. ಕನ್ನಡ ಪುಸ್ತಕ ಪ್ರಾಧಿಕಾರದಂಥ ಸಂಸ್ಥೆಗಳು ರಾಜ್ಯೋತ್ಸವದ ನವೆಂಬರಿನಲ್ಲಿ ಹೊಸ ಪುಸ್ತಕಗಳನ್ನೇ ಅರ್ಧ ಬೆಲೆಗೆ ಕೊಡುತ್ತವೆ. ಓದುಗನಿಗೆ ಇದು ಹಬ್ಬ. ಆದರೆ ಹೊಸದು ಅರ್ಧ ಬೆಲೆಗೆ ಸಿಕ್ಕುವಾಗ ಹಳೆಯದನ್ನು ಅರ್ಧ ಬೆಲೆಗೆ ಕೊಳ್ಳುವವನು ಯಾರು?

ಇನ್ನು ತಕ್ಕಡಿಯ ಶಾಸ್ತ್ರ. ಇದನ್ನು ನಾವು ಗುಜರಿ ವ್ಯಾಪಾರಿಯೊಬ್ಬನ ಬಾಯಿಂದಲೇ ಕೇಳಿ ತಿಳಿದೆವು. ಆತನ ಲೆಕ್ಕದಲ್ಲಿ ದಿನಪತ್ರಿಕೆ ಪುಸ್ತಕಕ್ಕಿಂತ ಮೇಲಿನ ಜಾತಿ. ಪತ್ರಿಕೆಯ ಹಾಳೆ ಅಗಲವಾದದ್ದು. ಪೊಟ್ಟಣ ಕಟ್ಟುವುದಕ್ಕೆ, ಸಾಮಾನು ಸುತ್ತುವುದಕ್ಕೆ, ಕಪಾಟಿಗೆ ಹಾಸುವುದಕ್ಕೆ ಬರುತ್ತದೆ. ಪುಸ್ತಕದ ಹಾಳೆ ಗೇಣುದ್ದದ್ದು. ಕಡಲೆಕಾಯಿಯ ಪೊಟ್ಟಣವಲ್ಲದೆ ಬೇರೆ ಯಾವುದಕ್ಕೂ ಸಾಲದು. ಅದಕ್ಕೂ ಈಗ ಪ್ಲಾಸ್ಟಿಕ್ ಚೀಲ ಬಂದಿದೆ. ಗಟ್ಟಿ ರಟ್ಟಿನ ಪುಸ್ತಕವಾದರೆ ರಟ್ಟನ್ನು ಕಿತ್ತು ಬೇರೆ ತೂಗಬೇಕು. ಹೊಲಿಗೆಯ ದಾರ, ಅಂಟು, ಬಟ್ಟೆ ಎಲ್ಲವೂ ಕಾಗದದ ಕಾರ್ಖಾನೆಯವರಿಗೆ ಕಸ. ಎಂದರೆ, ಬಹುಕಾಲ ಬಾಳಲೆಂದು ಎಷ್ಟು ಶ್ರದ್ಧೆಯಿಂದ ಕಟ್ಟಿದ ಪುಸ್ತಕವೋ ಅಷ್ಟು ಕಡಿಮೆ ದರ! ಬಿಡಿ ಹಾಳೆಯ ಪತ್ರಿಕೆಗೆ ಹೆಚ್ಚು, ಕ್ಯಾಲಿಕೋ ಬಟ್ಟೆ ಹೊದಿಸಿದ ಕೋಶಕ್ಕೆ ಕಡಿಮೆ. ಆತನು ಇದನ್ನು ಯಾವ ವ್ಯಂಗ್ಯವೂ ಇಲ್ಲದೆ ಹೇಳಿದನು. ಆತನನ್ನು ದೂಷಿಸಲು ನಮಗೆ ಮನಸ್ಸಿಲ್ಲ. ಪುಸ್ತಕವನ್ನು ಮನೆಬಾಗಿಲಿಗೆ ಬಂದು ದುಡ್ಡು ಕೊಟ್ಟು ಕೊಳ್ಳುವವನು ಊರಿನಲ್ಲಿ ಆತನೊಬ್ಬನೇ.

ಇಂಥ ಕಾಗದದ ಕೊನೆಯ ಊರು ದೂರವೇನೂ ಅಲ್ಲ. ನಂಜನಗೂಡಿನ ಬಳಿಯ ಚಿಕ್ಕಯ್ಯನ ಛತ್ರದಲ್ಲಿ, ೧೯೫೯ರಲ್ಲಿ ಹುಟ್ಟಿದ ಸೌತ್ ಇಂಡಿಯಾ ಪೇಪರ್ ಮಿಲ್ಸ್ ಎಂಬ ಕಾರ್ಖಾನೆಯಿದೆ. ರದ್ದಿ ಕಾಗದವನ್ನು ನೀರಿನಲ್ಲಿ ನೆನೆಸಿ, ಅರೆದು, ಜರಡಿಯಾಡಿಸಿ, ಮತ್ತೆ ಹಾಳೆಯಾಗಿ ಎಳೆದು ಪೆಟ್ಟಿಗೆಯ ಕಾಗದವನ್ನೂ ರಟ್ಟನ್ನೂ ತಯಾರಿಸುವುದು ಅದರ ಉದ್ಯೋಗ. ಕಾಡು ಕಡಿಯದೆ ಕಾಗದ ಮಾಡುವುದು ಒಳ್ಳೆಯ ಕೆಲಸವೇ. ಕಾಗದಕ್ಕೆ ಪುನರ್ಜನ್ಮವುಂಟು. ಅಕ್ಷರಕ್ಕೆ ಮಾತ್ರ ಇಲ್ಲ. ಅರೆಯುವ ತೊಟ್ಟಿಯಲ್ಲಿ ಮಸಿ ಮೊದಲು ಬಿಡುತ್ತದೆ.

ಕೆಲವು ವರ್ಷಗಳ ಹಿಂದೆ ನರಸೀಪುರದಲ್ಲಿ ಒಂದು ಮನೆಗೆ ನಮ್ಮನ್ನು ಕರೆಸಿದ್ದರು. ಯಜಮಾನರು ಉಪಾಧ್ಯಾಯರಾಗಿದ್ದವರು, ತೀರಿಕೊಂಡು ವರ್ಷವಾಗಿತ್ತು. ಮಕ್ಕಳು ಬೇರೆ ಬೇರೆ ಊರುಗಳಲ್ಲಿದ್ದರು, ಮನೆ ಭಾಗವಾಗುವುದರಲ್ಲಿತ್ತು. ನಡುಮನೆಯ ಎರಡು ಬೀರುಗಳಲ್ಲಿ ಸುಮಾರು ೩೫೦ ಪುಸ್ತಕಗಳು. “ಮಾವನವರು ಇದ್ದಾಗ ಇವುಗಳನ್ನು ಮುಟ್ಟಲು ಬಿಡುತ್ತಿರಲಿಲ್ಲ. ಈಗ ಮುಟ್ಟಿ ಅಂದರೂ ಮುಟ್ಟುವವರಿಲ್ಲ. ತಾವು ನೋಡಿ, ಬೇಕಾದ್ದನ್ನು ತೆಗೆದುಕೊಳ್ಳಿ ಮೇಷ್ಟ್ರೇ” ಎಂದರು ಸೊಸೆ. ಆಕೆ ಪುಸ್ತಕದ್ವೇಷಿಯಲ್ಲ, ಬ್ಯಾಂಕಿನಲ್ಲಿ ಕೆಲಸದಲ್ಲಿದ್ದವರು, ಬೆಂಗಳೂರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಅಲ್ಲಿಗೆ ಎರಡು ಬೀರು ಸಾಗಿಸಿ ಎಂದು ಉಪದೇಶಿಸುವುದು ನಮಗೆ ಸುಲಭ.

ಅವರು ಮೊದಲೇ ಒಂದು ಗ್ರಂಥಾಲಯವನ್ನು ಕೇಳಿದ್ದರು. ಪಟ್ಟಿ ಮಾಡಿ ಅರ್ಜಿ ಕೊಡಿ, ಸ್ಥಳವಿದ್ದರೆ ನೋಡೋಣ ಎಂಬ ಉತ್ತರ ಬಂದಿತ್ತಂತೆ. ಗ್ರಂಥಾಲಯಗಳ ಕಷ್ಟವೂ ಸುಳ್ಳಲ್ಲ. ೧೯೬೫ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಿಂದ ತೆರಿಗೆಯೊಡನೆ ಗ್ರಂಥಾಲಯದ ಕರ ಸೇರಿತು, ಊರೂರಿಗೆ ಗ್ರಂಥಾಲಯ ಬಂತು, ಸಗಟಾಗಿ ಪುಸ್ತಕ ಕೊಳ್ಳುವ ಏರ್ಪಾಡಾಯಿತು. ಕೊಳ್ಳುವುದಕ್ಕೆ ಏರ್ಪಾಡಾದಷ್ಟು ದಾನ ಪಡೆಯುವುದಕ್ಕೆ ಆಗಲಿಲ್ಲ. ದಾನದ ಪುಸ್ತಕಕ್ಕೆ ಬಿಲ್ಲಿಲ್ಲ, ಆದರೆ ಅದನ್ನು ದಾಖಲೆ ಮಾಡುವ ಕೈ ಬೇಕು, ಇಡುವ ಹಲಗೆ ಬೇಕು.

ನಾವು ಎರಡು ದಿನ ಕುಳಿತು ಆರಿಸಿದೆವು. ಮುಕ್ಕಾಲು ಪಾಲು ಎಲ್ಲೆಲ್ಲಿಯೂ ದೊರೆಯುವ ಪುಸ್ತಕಗಳು: ಮತ್ತೆ ಮತ್ತೆ ಅಚ್ಚಾದ ಕಾದಂಬರಿಗಳು, ಹಳೆಯ ವ್ಯಾಕರಣ, ಗೈಡುಗಳು, ವಾರಪತ್ರಿಕೆಗಳ ವಿಶೇಷಾಂಕಗಳು. ಇವು ಹೋದರೆ ಲೋಕಕ್ಕೆ ನಷ್ಟವಿಲ್ಲ. ಇದನ್ನು ಹೇಳಲು ನಾವು ಸಂಕೋಚಪಡುವುದಿಲ್ಲ. ಪುಸ್ತಕವೆಂದ ಮಾತ್ರಕ್ಕೆ ಎಲ್ಲವೂ ಪೂಜ್ಯವೆಂದು ಹಿಡಿದರೆ ಕೊನೆಗೆ ಯಾವುದನ್ನೂ ಉಳಿಸಲಾಗದು. ಉಳಿದ ಕಾಲು ಪಾಲಿನಲ್ಲಿ ಇದ್ದದ್ದೇ ಬೇರೆ. ಮೈಸೂರು ವಿಶ್ವವಿದ್ಯಾನಿಲಯದ ಕೆಲವೇ ಆಣೆ ಬೆಲೆಯ ಪ್ರಚಾರ ಪುಸ್ತಕಗಳು. ಪ್ರಬುದ್ಧ ಕರ್ಣಾಟಕದ ಬಿಡಿ ಸಂಚಿಕೆಗಳು. ಮುಖಪುಟವಿಲ್ಲದ ಸಂಪ್ರದಾಯದ ಹಾಡುಗಳ ಪುಸ್ತಕ, ಆರತಿಯ ಹಾಡು ಹಸೆಯ ಹಾಡುಗಳ ನಡುವೆ ಯಾರೋ ಹೆಣ್ಣುಮಗಳು ಪೆನ್ಸಿಲಿನಲ್ಲಿ ಸೇರಿಸಿದ ಎರಡು ಹಾಡುಗಳು. ಮದುವೆಯ ಸಂದರ್ಭಕ್ಕೆಂದು ಅಚ್ಚುಹಾಕಿಸಿದ ಎಂಟು ಪುಟದ ಪದ್ಯಮಾಲೆ. ಇಂಥವು ಮೂವತ್ತೊಂದು. ಇವುಗಳನ್ನು ಒಂದು ತಗಡಿನ ಪೆಟ್ಟಿಗೆಯಲ್ಲಿ ಬೇವಿನ ಎಲೆಯೊಡನೆ ಇಟ್ಟು ಸೊಸೆಯ ಕೈಗೇ ಕೊಟ್ಟೆವು. ಹಾಡಿನ ಪುಸ್ತಕವನ್ನು ನೋಡಿ ಆಕೆ, “ಈ ಅಕ್ಷರ ನಮ್ಮ ಅತ್ತೆಯವರದು” ಎಂದರು. ಅದುವರೆಗೆ ಅವರು ಆ ಬೀರುವನ್ನು ಮಾವನವರದೆಂದೇ ತಿಳಿದಿದ್ದರು. ಉಳಿದ ಪುಸ್ತಕಗಳು ತಕ್ಕಡಿಗೆ ಹೋದವು. ನೂರು ಕಿಲೋ ಮೀರಿದ ತೂಕಕ್ಕೆ ಸಾವಿರ ಚಿಲ್ಲರೆ ರೂಪಾಯಿ ಬಂತು. ಎರಡು ಬೀರುಗಳಿಗೆ ಅದಕ್ಕಿಂತ ಬಹಳ ಹೆಚ್ಚು ಬಂತು.

ನಂಜನಗೂಡಿನ ಲೇಖಕಿಯ ಮಾತು ಹೇಳುತ್ತೇವೆಂದಿದ್ದೆವು. ನಂಜನಗೂಡು ತಿರುಮಲಾಂಬ ಹುಟ್ಟಿದ್ದು ೧೮೮೭ರಲ್ಲಿ. ಬಾಲ್ಯದಲ್ಲಿಯೇ ವಿಧವೆಯಾದರು, ತಂದೆಯವರ ಆಸರೆಯಲ್ಲಿ ಮನೆಯಲ್ಲಿಯೇ ಓದಿದರು. ೧೯೧೩ರಲ್ಲಿ ಸತೀಹಿತೈಷಿಣೀ ಎಂಬ ಗ್ರಂಥಮಾಲೆಯನ್ನು ತಾವೇ ಆರಂಭಿಸಿ ಸುಶೀಲೆ ಎಂಬ ಕಾದಂಬರಿಯನ್ನು ಪ್ರಕಟಿಸಿದರು. ಮುಂದೆ ಕರ್ನಾಟಕ ನಂದಿನಿ ಎಂಬ ಪತ್ರಿಕೆಯನ್ನು ನಡೆಸಿದರು. ಕನ್ನಡದ ಮೊದಲ ಪತ್ರಕರ್ತೆ, ಮೊದಲ ಪ್ರಕಾಶಕಿ ಎಂದು ಈಗ ಅವರನ್ನು ಕರೆಯುತ್ತಾರೆ. ಹೆಣ್ಣುಮಕ್ಕಳು ಓದುವುದೇ ಅಪರೂಪವಾಗಿದ್ದ ಕಾಲದಲ್ಲಿ ಹೆಣ್ಣುಮಕ್ಕಳಿಗಾಗಿಯೇ ಪುಸ್ತಕ ಬರೆದು, ಅಚ್ಚುಹಾಕಿಸಿ, ಮಾರಿದ ಸಾಹಸ ಸಾಮಾನ್ಯವಾದುದಲ್ಲ. ಸುಶೀಲೆ ಒಂದಕ್ಕಿಂತ ಹೆಚ್ಚು ಸಲ ಅಚ್ಚಾಯಿತು. ಅನಂತರ ಅವರು ಬರೆಯುವುದನ್ನು ನಿಲ್ಲಿಸಿದರು. ೧೯೮೨ರಲ್ಲಿ ತೀರಿಕೊಳ್ಳುವವರೆಗೆ ಬದುಕಿದ್ದರೂ, ನಡುವಿನ ಹಲವು ದಶಕಗಳಲ್ಲಿ ಸಾಹಿತ್ಯಲೋಕ ಅವರನ್ನು ಮರೆತೇ ಇತ್ತು. ಸಿ. ಎನ್. ಮಂಗಳಾ, ವಿಜಯಾ ದಬ್ಬೆ ಮೊದಲಾದವರು ಹುಡುಕಿ ಬರೆದ ಮೇಲೆ ಮತ್ತೆ ಬೆಳಕಿಗೆ ಬಂದರು.

ಹುಡುಕಬೇಕಾದರೆ ಪ್ರತಿಗಳು ಉಳಿದಿರಬೇಕು. ಈ ಪುಸ್ತಕಗಳು ಗೃಹಿಣಿಯರ ಪೆಟ್ಟಿಗೆಗಳಲ್ಲಿ ಇದ್ದವು, ಪಂಡಿತರ ಬೀರುಗಳಲ್ಲಿ ಅಲ್ಲ. ಓದಿ ಓದಿ ಸವೆದವು, ಅಡುಗೆಮನೆಯ ಗೂಡಿನಲ್ಲಿ ಕುಳಿತವು, ಮಗಳ ಜೊತೆ ಗಂಡನ ಮನೆಗೆ ಹೋದವು. ಅಚ್ಚಾದ ಪ್ರತಿಯೊಂದು ಪುಸ್ತಕದ ಒಂದು ಪ್ರತಿ ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೆ ಹೋಗಬೇಕೆಂಬ ಕಾಯಿದೆ ಬಂದದ್ದು ೧೯೫೪ರಲ್ಲಿ. ಅದಕ್ಕೆ ಹಿಂದೆ ಸಂಸ್ಥಾನದಲ್ಲಿ ಅಚ್ಚಾದ ಸಣ್ಣ ಪುಸ್ತಕಗಳ ರಕ್ಷಣೆ ಬಹಳಮಟ್ಟಿಗೆ ಮನೆಗಳ ಮೇಲೆಯೇ ಬಿದ್ದಿತ್ತು. ಆದುದರಿಂದ ನಂಜನಗೂಡಿನ ಯಾವುದೋ ಅಟ್ಟದಿಂದ ಇಳಿದು ಬಂದ ಗೋಣಿಚೀಲದಲ್ಲಿ ಆ ಗ್ರಂಥಮಾಲೆಯ ಮೊದಲ ಮುದ್ರಣವೊಂದು ಇರಬಹುದು. ತಕ್ಕಡಿಯಲ್ಲಿ ಅದರ ಬೆಲೆ ಎರಡು ರೂಪಾಯಿ.

ಈಗ ಎಲ್ಲವೂ ಗಣಕಯಂತ್ರದಲ್ಲಿ ದೊರೆಯುವುದಲ್ಲ, ಚಿಂತೆಯೇಕೆ ಎನ್ನುವವರುಂಟು. ಈ ಶತಮಾನದ ಮೊದಲ ದಶಕದಿಂದ ಭಾರತದ ಡಿಜಿಟಲ್ ಗ್ರಂಥಾಲಯ ಯೋಜನೆಯಲ್ಲಿ ಸಾವಿರಾರು ಕನ್ನಡ ಪುಸ್ತಕಗಳ ಛಾಯೆಯನ್ನು ತೆಗೆದಿರುವುದು ನಿಜ. ಅದರಿಂದ ನಮ್ಮಂಥವರಿಗೆ ಆದ ಉಪಕಾರವನ್ನು ಮರೆಯಲಾಗದು. ಹಿಂದೆ ಒಂದು ಹಳೆಯ ಪುಸ್ತಕ ನೋಡಲು ಮೈಸೂರಿಗೆ ಬಂದು ದಿನವಿಡೀ ಕಾಯಬೇಕಾಗಿದ್ದ ನಂಜನಗೂಡಿನ ವಿದ್ಯಾರ್ಥಿ ಈಗ ಮನೆಯಲ್ಲಿಯೇ ಓದುತ್ತಾನೆ. ಅಪರೂಪವೆಂಬ ಕಾರಣಕ್ಕೆ ಬೆಲೆಯಿದ್ದ ಕೆಲವು ಪುಸ್ತಕಗಳ ಬೆಲೆ ಇದರಿಂದ ಇಳಿದದ್ದೂ ನಿಜ. ಅದು ನ್ಯಾಯವಾದ ಇಳಿತ. ಆದರೆ ಛಾಯೆ ತೆಗೆದದ್ದು ಗ್ರಂಥಾಲಯಗಳಲ್ಲಿ ಇದ್ದ ಪುಸ್ತಕಗಳನ್ನು. ಗ್ರಂಥಾಲಯಕ್ಕೆ ಎಂದೂ ಬಾರದ ಪುಸ್ತಕ ಅಲ್ಲಿ ಎಲ್ಲಿಂದ ಬರಬೇಕು? ಕಾನೂನಿನ ತೊಡಕೂ ಉಂಟು. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೆ ಅರವತ್ತು ವರ್ಷ ಗ್ರಂಥಸ್ವಾಮ್ಯ ಇರುತ್ತದೆ. ೧೯೬೩ರಲ್ಲಿ ತೀರಿಕೊಂಡ ತ್ರಿವೇಣಿಯವರ ಕೃತಿಗಳು ೨೦೨೪ರಿಂದ ಮುಕ್ತವಾಗಿವೆ; ಅವರಿಗಿಂತ ಒಂದು ತಲೆಮಾರು ಮೊದಲೇ ಬರೆದ ತಿರುಮಲಾಂಬ ದೀರ್ಘಾಯುಗಳಾದುದರಿಂದ ಅವರ ಕೃತಿಗಳು ಹಾಗಾಗಬೇಕಾದರೆ ೨೦೪೩ ಬರಬೇಕು. ಅಲ್ಲಿಯವರೆಗೆ ೧೯೧೩ರ ಆ ಕಾಗದ ಬಾಳಬೇಕು.

ತಕ್ಕಡಿಯ ಬೆಲೆಗೂ ನಿಜವಾದ ಬೆಲೆಗೂ ಎಷ್ಟು ಅಂತರವಿರಬಹುದೆಂಬುದಕ್ಕೆ ಮೈಸೂರಿನಲ್ಲಿಯೇ ದೃಷ್ಟಾಂತವಿದೆ. ೧೮೯೧ರಲ್ಲಿ ಸ್ಥಾಪಿತವಾದ ಓರಿಯಂಟಲ್ ಲೈಬ್ರರಿಗೆ ೧೯೦೫ರಲ್ಲಿ ತಂಜಾವೂರಿನ ಕಡೆಯ ಪಂಡಿತರೊಬ್ಬರು ಓಲೆಯ ಕಟ್ಟೊಂದನ್ನು ತಂದುಕೊಟ್ಟರು. ಶಾಮಶಾಸ್ತ್ರಿಗಳು ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ ೧೯೦೯ರಲ್ಲಿ ಅಚ್ಚುಹಾಕಿಸಿದರು. ಆ ಪಂಡಿತರ ಮನೆಯವರು ಜೀರ್ಣವಾದ ಓಲೆಯೆಂದು ಅದನ್ನು ಹೊಳೆಗೆ ಬಿಟ್ಟಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆಗಿನ ರೂಢಿಯೇ ಅದಾಗಿತ್ತು.

ಬೆಲೆಯಿಲ್ಲದ್ದನ್ನು ಬೆಲೆಯೆಣಿಸದೆ ಕೂಡಿಹಾಕುವವರು ನಮ್ಮ ನೆರೆಯಲ್ಲಿ ಇಲ್ಲದಿಲ್ಲ. ಪಾಂಡವಪುರದ ಬಳಿಯ ಹರಳಹಳ್ಳಿಯಲ್ಲಿ ಅಂಕೇಗೌಡರು, ಬಸ್ಸಿನ ಕಂಡಕ್ಟರಾಗಿಯೂ ಸಕ್ಕರೆ ಕಾರ್ಖಾನೆಯಲ್ಲಿಯೂ ದುಡಿದವರು, ಲಕ್ಷಾಂತರ ಪುಸ್ತಕಗಳನ್ನು ಸೇರಿಸಿ ಪುಸ್ತಕದ ಮನೆಯನ್ನೇ ಕಟ್ಟಿದ್ದಾರೆ. ಮೈಸೂರಿನ ರಾಜೀವನಗರದಲ್ಲಿ ದಿನಗೂಲಿಯವರೊಬ್ಬರು ನಡೆಸುತ್ತಿದ್ದ ಸಾವಿರಾರು ಪುಸ್ತಕಗಳ ಗ್ರಂಥಾಲಯ ೨೦೨೧ರ ಏಪ್ರಿಲಿನಲ್ಲಿ ಬೆಂಕಿಗೆ ಆಹುತಿಯಾದಾಗ ನಾನಾ ಕಡೆಯ ಜನ ನೆರವಿಗೆ ಮುಂದಾದರು. ಹಾಗೆಂದ ಮೇಲೆ ಪುಸ್ತಕ ಕೊಡಲು ಜನರಿದ್ದಾರೆ. ಕೊಡುವ ಮನೆಗೂ ಇಟ್ಟುಕೊಳ್ಳುವ ಮನೆಗೂ ನಡುವೆ ಆರಿಸುವ ಒಬ್ಬರು ಬೇಕು. ಪ್ರತಿಯೊಂದು ತಾಲ್ಲೂಕಿನಲ್ಲಿಯೂ ಇರುವ ಕಾಲೇಜು ಉಪಾಧ್ಯಾಯರು ವರ್ಷಕ್ಕೆ ನಾಲ್ಕು ದಿನ ಈ ಕೆಲಸಕ್ಕೆ ಕುಳಿತರೆ ಆದೀತು.

ನವರಾತ್ರಿಯ ಸರಸ್ವತೀಪೂಜೆಯ ದಿನ ಪೀಠವೇರಿ ಹೂವು ಅಕ್ಷತೆ ಪಡೆದ ಪುಸ್ತಕಗಳು, ದೀಪಾವಳಿಗೆ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಗೋಣಿಚೀಲಕ್ಕೆ ಬೀಳುತ್ತವೆ. ಈ ನಡುವಿನ ಎರಡು ಮೂರು ವಾರಗಳಲ್ಲಿ ಒಂದು ಸಂಜೆ ಬಿಡುವು ಮಾಡಿಕೊಂಡು ಹಳೆಯ ಪುಸ್ತಕಗಳ ಮೊದಲ ಹಾಳೆಯನ್ನು ತೆರೆದು ನೋಡಬೇಕೆಂದು ಕೇಳುವವರಲ್ಲಿ ನಮ್ಮ ಬಿನ್ನಹ. ಅಚ್ಚುಕೂಟದ ಹೆಸರು, ಅಚ್ಚಾದ ಇಸವಿ ಇರುತ್ತದೆ. ೧೯೫೪ಕ್ಕೆ ಹಿಂದಿನದಾದರೆ, ಊರಿನ ಹೆಸರೋ ಹೆಂಗಸಿನ ಹೆಸರೋ ಹಾಡಿನ ಹೆಸರೋ ಅದರಲ್ಲಿ ಕಂಡರೆ, ಎಂಟೇ ಪುಟದ್ದಾದರೂ ಅದನ್ನು ಬೇರೆ ತೆಗೆದಿಟ್ಟು, ಹತ್ತಿರದ ಕಾಲೇಜಿನ ಕನ್ನಡ ಉಪಾಧ್ಯಾಯರಿಗೆ ಒಮ್ಮೆ ತೋರಿಸಿರಿ. ಮುಖಪುಟ ಹರಿದುಹೋಗಿದ್ದರೆ ಪುಸ್ತಕವನ್ನು ತಿರುಗಿಸಿ ಕೊನೆಯ ಹಾಳೆಯನ್ನು ನೋಡಿರಿ. ಅಲ್ಲಿಯೂ ಅಚ್ಚುಕೂಟದ ಹೆಸರು ಇರುವುದುಂಟು.